ಎರಡು ಜೊತೆ ಸೈಲೆನ್ಸರ್, ಒಂದು ಹಸು

ಬೇಡ ಎನ್ನುವುದು ನನ್ನ ಕಸುಬು. ತಿರುಪ್ಪೂರಿನ ಕಾರ್ಖಾನೆಗಳಲ್ಲಿ ಹೊಲಿದು, ಮಡಿಸಿ, ಪೆಟ್ಟಿಗೆಗೆ ತುಂಬಿದ ಬನಿಯನ್ನುಗಳನ್ನು ಹಡಗು ಹತ್ತುವ ಮೊದಲು ಬಿಚ್ಚಿ ನೋಡಿ, ಇದು ಹೋಗಬಹುದು, ಇದು ಹೋಗಬಾರದು ಎಂದು ಹೇಳುವ ಕೆಲಸ. ಕೊಳ್ಳುವವರ ಪರವಾಗಿ ತಪಾಸಣೆಗೆ ಬರುವ ನನ್ನಂಥವರನ್ನು ಕಾರ್ಖಾನೆಯವರು ಕಾಫಿ ಕೊಟ್ಟು ಬರಮಾಡಿಕೊಳ್ಳುತ್ತಾರೆ, ಒಳಗೊಳಗೇ ಬೈದುಕೊಳ್ಳುತ್ತಾರೆ. ರಾಣೆಬೆನ್ನೂರಿನಿಂದ ಈ ಕಡೆಗೆ ಬಂದು ಒಂಬತ್ತು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಯಾರ ಮುಖ ನೋಡಿಯೂ ಒಂದು ಪೆಟ್ಟಿಗೆಯನ್ನು ನಾನು ಪಾಸು ಮಾಡಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಸರಿಯಾಗಿ ನೋಡದೆ ನಾನು ಪಾಸು ಮಾಡಿದ ಒಂದೇ ಒಂದು ವಸ್ತುವಿನ ಕಥೆ ಇದು.

ಮೋಟಾರ್ ಸೈಕಲ್ಲು ನನ್ನ ಕೈಗೆ ಬಂದದ್ದು ಹೋದ ವರ್ಷದ ಮಳೆ ಮುಗಿಯುವ ಹೊತ್ತಿಗೆ. ಎರಡು ಸಿಲಿಂಡರಿನ ದೊಡ್ಡ ಗಾಡಿ, ಎರಡು ಪಕ್ಕಕ್ಕೆ ಎರಡು ಉದ್ದನೆಯ ಸೈಲೆನ್ಸರ್. ಕೊಯಮತ್ತೂರಿನ ಒಬ್ಬ ಎಂಜಿನಿಯರ್ ಅದರಿಂದ ಜಾರಿ ಬಿದ್ದು, ಇನ್ನು ಸಹವಾಸವೇ ಬೇಡವೆಂದು ಮಾರಿಬಿಟ್ಟ. ಎಂಜಿನ್ ಗಟ್ಟಿಯಾಗಿತ್ತು. ಎಡಗಡೆಯ ಸೈಲೆನ್ಸರ್ ಮಾತ್ರ ರಸ್ತೆಯಂಚಿನ ಕಲ್ಲಿಗೆ ಬಡಿದು ನಡುವೆ ಚಪ್ಪಟೆಯಾಗಿತ್ತು. ಹೊಗೆ ಹೋಗುವ ದಾರಿ ಅಲ್ಲಿ ಕಿರಿದಾಗಿ, ಗಾಡಿ ಒಂದು ಮೂಗು ಕಟ್ಟಿದವರ ಹಾಗೆ ಓಡುತ್ತಿತ್ತು. ನನ್ನಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಹತ್ತನೇ ಕ್ಲಾಸು ಮುಗಿಯುವಷ್ಟರಲ್ಲಿ ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಹಾಗಾಗಿ ಗಾಡಿಯನ್ನು ಓಡಿಸಿ ನೋಡಿದ ಹತ್ತು ನಿಮಿಷದಲ್ಲೇ ತೀರ್ಮಾನಿಸಿದೆ: ಸೈಲೆನ್ಸರ್ ಬದಲಿಸಬೇಕು, ಬದಲಿಸುವುದಾದರೆ ಹಳೆಯದಕ್ಕಿಂತ ಒಳ್ಳೆಯದನ್ನೇ ಹಾಕಬೇಕು.

ಅಂಗಡಿಗೆ ಹೋಗುವಾಗ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಜೊತೆಗೆ ಬಂದರು. ಅವರಿಗೆ ಸ್ಕೂಟರು ಬಿಟ್ಟು ಬೇರೇನೂ ಗೊತ್ತಿಲ್ಲ. ಕೊಯಮತ್ತೂರಿನ ಆ ಅಂಗಡಿಯ ಗೋಡೆಯ ತುಂಬ ಸೈಲೆನ್ಸರ್‌ಗಳು, ಗಿಡ್ಡ, ಉದ್ದ, ಆರು ಮೂಲೆಯವು, ತುತ್ತೂರಿಯಂತೆ ಬಾಯಗಲಿಸಿದವು. ಅಂಗಡಿಯವನು ಅವರನ್ನೇ ನೋಡುತ್ತ ತಮಿಳಿನಲ್ಲಿ ಶುರುಮಾಡಿದ.

"ಸಾರ್, ಇದು ಹಾಕಿದ್ರೆ ನೀವು ಬರೋದು ಮೂರು ಬೀದಿ ಆಚೆಗೇ ಗೊತ್ತಾಗುತ್ತೆ."

"ಗಾಡಿ ನಂದಲ್ಲ, ಅವರದು," ಎಂದು ಅವರು ನನ್ನ ಕಡೆ ಕೈ ತೋರಿಸಿದರು.

"ಮೂರು ಬೀದಿಯವರಿಗೆ ಗೊತ್ತಾಗೋದು ನನಗೆ ಬೇಡ. ಇದರ ತೂಕ ಎಷ್ಟು? ಒಳಗೆ ಏನಿದೆ?" ಎಂದೆ.

"ಮೇಡಂ, ಸೌಂಡ್ ಕೇಳಿ ಮೊದಲು."

ಅವನು ಕೇಳಿಸಿದ. ಬೇಡ ಎಂದೆ. ಇನ್ನೊಂದನ್ನು ಕೇಳಿಸಿದ. ಅದೂ ಬೇಡ ಎಂದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ನನ್ನ ಜಾತಕ ಅರ್ಥವಾಗಿ, ಸುಮ್ಮನೆ ಒಂದು ಕಪ್ಪು ಬಣ್ಣದ ಗಿಡ್ಡ ಜೊತೆಯನ್ನು ತಂದು ಮೇಜಿನ ಮೇಲಿಟ್ಟ. ಎತ್ತಿ ನೋಡಿದೆ, ಹಳೆಯದರ ಅರ್ಧದಷ್ಟೂ ಭಾರವಿರಲಿಲ್ಲ. ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿದೆ, ಎಲ್ಲೂ ಗಂಟಿರಲಿಲ್ಲ. ಗಾಡಿಗೆ ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ, ಸುಳ್ಳು ಯಾಕೆ ಹೇಳಲಿ, ನನ್ನ ಎದೆ ತುಂಬಿ ಬಂತು. ಕೆಳಗಿನಿಂದ ಎದ್ದು ಬರುವ ದಪ್ಪನೆಯ, ದುಂಡನೆಯ ದನಿ. ಅಂಗಡಿಯ ಮುಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ಲಾರಿಗಳು ಹೋಗುತ್ತಿದ್ದವು. ಅದೆಲ್ಲದರ ನಡುವೆ ಆ ದನಿ ಹಿತವಾಗಿಯೇ ಕೇಳಿಸಿತು. ಸರಿ ಎಂದೆ.

ನಾನಿರುವುದು ತಿರುಪ್ಪೂರಿಗೂ ಕೊಯಮತ್ತೂರಿಗೂ ನಡುವಿನ ಸೋಮನೂರಿನಲ್ಲಿ, ಒಂದು ನೇಕಾರರ ಮನೆಯ ಮಹಡಿಯ ಮೇಲೆ. ಕೆಳಗೆ ಮನೆಯೊಡತಿ ಇರುತ್ತಾರೆ, ಅರವತ್ತೈದರ ಆಸುಪಾಸು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅವರ ನಾಲ್ಕು ವಿದ್ಯುತ್ ಮಗ್ಗಗಳು. ಅವರ ಮನೆಮಾತು ಕನ್ನಡ. ಎಷ್ಟು ತಲೆಮಾರಿನ ಹಿಂದೆ ಬಂದವರೋ ಅವರಿಗೇ ತಿಳಿಯದು. ಕನ್ನಡ ಓದಲು ಬರುವುದಿಲ್ಲ. ಬಾಯಲ್ಲಿ ಮಾತ್ರ ತಮಿಳಿನ ರಾಗದಲ್ಲಿ ಉಳಿದಿದೆ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ, ಅವರು ನನ್ನನ್ನು ಕಣ್ಣು ಎನ್ನುತ್ತಾರೆ.

ಹೊಸ ಸೈಲೆನ್ಸರ್ ಹಾಕಿಸಿಕೊಂಡು ಬಂದ ಸಂಜೆ ದೊಡ್ಡಮ್ಮ ಬಾಗಿಲಿಗೆ ಬಂದು ನಿಂತರು.

"ಏನ್ ಕಣ್ಣು, ಗಾಡಿ ಸತ್ತ ಜಾಸ್ತಿ ಆಯ್ತಲ್ಲ."

"ಸತ್ತಿಲ್ಲ ದೊಡ್ಡಮ್ಮ, ಈಗ ತಾನೇ ಜೀವ ಬಂದಿದೆ," ಎಂದೆ. ತಮಿಳಿನಲ್ಲಿ ಸದ್ದಿಗೆ ಸತ್ತ ಎನ್ನುತ್ತಾರೆಂಬುದು ನನಗೆ ಗೊತ್ತಿತ್ತು. ತಮಾಷೆ ಮಾಡಿ ಮಾತು ತೇಲಿಸಿದೆ. ಅವರು ನಗಲಿಲ್ಲ.

ಅವರ ಮಾತಿನ ಅರ್ಥ ತಿಳಿಯಲು ನನಗೆ ಒಂದು ವಾರ ಹಿಡಿಯಿತು. ದೊಡ್ಡಮ್ಮ ಬೆಳಿಗ್ಗೆ ಆರಕ್ಕೆ ಶೆಡ್ಡಿಗೆ ಹೋಗಿ ನಾಲ್ಕು ಮಗ್ಗಗಳನ್ನು ಒಟ್ಟಿಗೆ ಚಾಲೂ ಮಾಡುವುದಿಲ್ಲ. ಒಂದನ್ನು ಓಡಿಸಿ, ಪಕ್ಕದಲ್ಲಿ ನಿಂತು ಕಿವಿಗೊಟ್ಟು, ಲಾಳಿ ಸರಿಯಾಗಿ ಹೋಗಿ ಬರುತ್ತಿದೆ ಎಂದು ಖಾತ್ರಿಯಾದ ಮೇಲೆ ಎರಡನೆಯದನ್ನು ಚಾಲೂ ಮಾಡುತ್ತಾರೆ. ನಾನು ಗಾಡಿಯನ್ನು ಬಿಸಿ ಮಾಡುವುದೂ ಅದೇ ಹೊತ್ತಿಗೆ, ಶೆಡ್ಡಿನ ಗೋಡೆಗೆ ಒತ್ತಿದ ತಗಡಿನ ಚಾವಣಿಯ ಕೆಳಗೆ. ಒಂದು ದಿನ ನಾನು ಹೊರಟ ಮೇಲೆ ದೊಡ್ಡಮ್ಮ ನೋಡಿದರೆ, ಮೊದಲ ಮಗ್ಗದಲ್ಲಿ ಲಾಳಿ ತಟ್ಟಿ ಎಳೆಗಳು ಕಡಿದು, ಒಂದು ಮೊಳದಷ್ಟು ಬಟ್ಟೆ ಬಲೆಯ ಹಾಗೆ ಆಗಿಹೋಗಿತ್ತಂತೆ.

"ತರಿ ಮೊದಲೇ ಹೇಳಿರುತ್ತೆ ಕಣ್ಣು. ನಿನ್ ಗಾಡಿ ಮಾತಾಡಿದ್ದರಲ್ಲಿ ನಂಗೆ ಕೇಳಿಸಲಿಲ್ಲ," ಎಂದು ಸಂಜೆ ಆ ತುಂಡನ್ನು ತೋರಿಸಿದರು. ತರಿ ಎಂದರೆ ಮಗ್ಗ.

ಬಟ್ಟೆಯನ್ನು ಕೈಯಲ್ಲಿ ಹಿಡಿದು, ವೃತ್ತಿಯ ಅಭ್ಯಾಸದಂತೆ ದೋಷ ಎಷ್ಟು ಅಗಲವಿದೆ ಎಂದು ನೋಡಿದೆ. ನಾಳೆಯಿಂದ ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಹೋಗಿ ಚಾಲೂ ಮಾಡುತ್ತೇನೆ ಎಂದೆ. ಸೈಲೆನ್ಸರ್‌ನಲ್ಲಿ ತಪ್ಪಿರಬಹುದು ಎಂದು ಆಗಲೂ ನನಗೆ ಹೊಳೆಯಲಿಲ್ಲ. ಹೊಸದರಲ್ಲಿ ಇನ್ನೊಂದು ಚಾಳಿಯೂ ಇತ್ತು. ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಹಿಂದಿನಿಂದ ಪಟಾಕಿ ಸಿಡಿದ ಹಾಗೆ ಎರಡು ಮೂರು ಏಟು ಕೇಳುತ್ತಿತ್ತು. ಅಂಗಡಿಯವನನ್ನು ಫೋನಿನಲ್ಲಿ ಕೇಳಿದರೆ, "ಅದು ಇರಬೇಕು ಮೇಡಂ, ಅದಕ್ಕೇ ಜನ ತಗೊಳ್ಳೋದು," ಎಂದ. ನಾನು ಒಪ್ಪಿಕೊಂಡೆ. ಕಾರ್ಖಾನೆಯವನೊಬ್ಬ ಹೊಲಿಗೆ ಬಿಟ್ಟ ಬನಿಯನ್ನನ್ನು ತೋರಿಸಿ, ಅದು ಹಾಗೇ ಇರಬೇಕು ಮೇಡಂ ಎಂದಿದ್ದರೆ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಿದ್ದೆ.

ಪೊಳ್ಳಾಚಿಯ ಹತ್ತಿರದ ಒಂದು ಹೊಲಿಗೆ ಘಟಕಕ್ಕೆ ಹದಿನೈದು ದಿನಕ್ಕೊಮ್ಮೆ ನನ್ನ ಭೇಟಿ. ಒಂದು ಮಂಗಳವಾರ ಹೊರಟಾಗ ಅಂದು ದನದ ಸಂತೆ ಎನ್ನುವುದು ನನ್ನ ಗಮನದಲ್ಲಿರಲಿಲ್ಲ. ಪಲ್ಲಡಂ ರಸ್ತೆಯಿಂದ ಊರೊಳಗೆ ಬಂದು ಸಂತೆಯ ಬಾಗಿಲು ದಾಟುವಾಗ ಮುಂದೆ ಜನ ಕಂಡು ಆಕ್ಸಿಲರೇಟರ್ ಬಿಟ್ಟೆ. ಪಟಾರ್ ಪಟಾರ್ ಎಂದು ಮೂರು ಏಟು ಸಿಡಿಯಿತು.

ಬಲಗಡೆ, ಇಲ್ಲಿಯವರು ಕುಟ್ಟಿ ಯಾನೆ, ಅಂದರೆ ಮರಿಯಾನೆ, ಎಂದು ಕರೆಯುವ ಪುಟ್ಟ ಲಾರಿಯೊಂದಕ್ಕೆ ಹಲಗೆ ಹಾಕಿ, ಬೂದು ಬಣ್ಣದ ನಾಟಿ ಹಸುವೊಂದನ್ನು ಹತ್ತಿಸುತ್ತಿದ್ದರು. ಹಸು ಹಲಗೆಯ ನಡುವಿನಿಂದ ಪಕ್ಕಕ್ಕೆ ಹಾರಿತು. ಹಗ್ಗ ಹಿಡಿದಿದ್ದ ಹೆಂಗಸು ಅದನ್ನು ಕೈಗೆ ಸುತ್ತಿಕೊಂಡಿದ್ದಳು. ಎಳೆದ ರಭಸಕ್ಕೆ ಮುಗ್ಗರಿಸಿ ಮಂಡಿಯೂರಿ ಬಿದ್ದಳು. ಆದರೂ ಹಗ್ಗ ಬಿಡಲಿಲ್ಲ. ನಾನು ಇಪ್ಪತ್ತು ಮಾರು ಮುಂದೆ ಹೋಗಿ ಗಾಡಿ ನಿಲ್ಲಿಸಿದೆ. ಹೋಗಿಬಿಡಬಹುದಿತ್ತು. ಹೆಲ್ಮೆಟ್ಟಿನೊಳಗಿನ ಮುಖ ಯಾರಿಗೂ ಕಂಡಿರಲಿಲ್ಲ. ನನಗೆ ಹೋಗಲು ಆಗಲಿಲ್ಲ.

ಓಡಿ ಬಂದು ನೋಡಿದರೆ ಹಸುವಿನ ಕಾಲು ನೆಟ್ಟಗಿತ್ತು, ಮೈ ಮಾತ್ರ ನಡುಗುತ್ತಿತ್ತು. ಹೆಂಗಸಿನ ಬಲಗೈಯ ಅಂಗೈ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಸುತ್ತಲಿನ ಗಂಡಸರು ನನಗೆ ಬೈಯತೊಡಗಿದರು. ಆಕೆ ಬೈಯಲಿಲ್ಲ. ಐವತ್ತರ ಹೆಂಗಸು, ಕಿವಿಯಲ್ಲಿ ಹರಳಿನ ಓಲೆ, ಭುಜದ ಮೇಲೆ ಟವೆಲು. ನನ್ನನ್ನೂ ಗಾಡಿಯನ್ನೂ ನೋಡಿ ತಮಿಳಿನಲ್ಲಿ ಕೇಳಿದಳು:

"ಆ ಗಾಡಿಗೆ ಏನು ಕಾಯಿಲೆ, ಅಮ್ಮಿಣಿ?" ಈ ಕಡೆ ಹೆಣ್ಣುಮಕ್ಕಳನ್ನು ಹೀಗೆ ಕರೆಯುತ್ತಾರೆ.

"ಕಾಯಿಲೆ ಏನಿಲ್ಲ ಅಕ್ಕಾ. ಹೊಸ ಸೈಲೆನ್ಸರ್."

"ಓ, ದುಡ್ಡು ಕೊಟ್ಟು ತಂದ ಕಾಯಿಲೆ," ಎಂದಳು.

ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಕೈಗೆ ಕಟ್ಟು ಹಾಕಿಸಿದೆ. ವಾಪಸು ಬಂದಾಗ ಹಸು ಲಾರಿ ಹತ್ತಲು ಒಪ್ಪಿರಲಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿದರು, ಮುಂದೆ ಹಸಿ ಹುಲ್ಲು ಹಿಡಿದರು. ಹಲಗೆ ಕಂಡ ಕೂಡಲೇ ಅದು ನಾಲ್ಕು ಕಾಲನ್ನೂ ಊರಿ ನಿಲ್ಲುತ್ತಿತ್ತು. ಲಾರಿಯವನಿಗೆ ಬೇರೆ ಬಾಡಿಗೆ ಇತ್ತು, ಅವನು ಹಲಗೆ ಎತ್ತಿಟ್ಟುಕೊಂಡು ಹೊರಟುಹೋದ.

"ಇನ್ನು ನಡೆಸಿಕೊಂಡೇ ಹೋಗಬೇಕು. ಐದು ಕಿಲೋಮೀಟರ್ ಆಗುತ್ತೆ," ಎಂದಳು ಆಕೆ. ಕಟ್ಟು ಹಾಕಿದ ಕೈಯನ್ನು ನೋಡಿಕೊಂಡು ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದಳು. "ನೀ ಹಿಡಿ."

ಘಟಕಕ್ಕೆ ಫೋನ್ ಮಾಡಿ ನಾಳೆ ಬರುತ್ತೇನೆಂದೆ. ಗಾಡಿ, ಹೆಲ್ಮೆಟ್, ಜಾಕೆಟ್ ಎಲ್ಲವನ್ನೂ ಒಂದು ಟೀ ಅಂಗಡಿಯ ಪಕ್ಕ ಬಿಟ್ಟು, ದಪ್ಪ ಬೂಟು ಹಾಕಿದ ಕಾಲಿನಲ್ಲಿ ಹಸುವಿನ ಹಗ್ಗ ಹಿಡಿದು ಹೊರಟೆ. ಮೊದಲ ಅರ್ಧ ಕಿಲೋಮೀಟರು ಅದು ನನ್ನನ್ನೇ ಎಳೆದುಕೊಂಡು ಹೋಯಿತು. ಹಳ್ಳಿಯ ಬಸ್ಸುಗಳು ಹಾರ್ನ್ ಹೊಡೆದಾಗಲೆಲ್ಲ ಬೆದರಿ ಚರಂಡಿಯ ಕಡೆಗೆ ಸರಿಯುತ್ತಿತ್ತು. ಬಸ್ಸಿಗೂ ಅದಕ್ಕೂ ನಡುವೆ ನಾನು ನಡೆದರೆ ಕಡಿಮೆ ಹೆದರುತ್ತದೆ ಎಂದು ನಿಧಾನಕ್ಕೆ ತಿಳಿಯಿತು. ತೆಂಗಿನ ತೋಟಗಳ ನಡುವಿನ ಕವಲು ದಾರಿಗೆ ತಿರುಗಿದ ಮೇಲೆ ಇಬ್ಬರಿಗೂ ಉಸಿರು ಬಂತು. ದಾರಿಯ ಪಕ್ಕದಲ್ಲಿ ತೆಂಗಿನ ಸಿಪ್ಪೆಯ ಗುಡ್ಡೆಗಳು. ಎಲ್ಲೋ ಬೆಲ್ಲ ಕಾಯಿಸುವ ವಾಸನೆ.

"ನೀವು ಈ ಹಸೂನ ಹೇಗೆ ಆರಿಸಿದಿರಿ ಅಕ್ಕಾ?" ಎಂದು ಕೇಳಿದೆ. ಆರಿಸುವುದು ನನ್ನ ಕೆಲಸವಾದ್ದರಿಂದ ಬೇರೆಯವರು ಹೇಗೆ ಆರಿಸುತ್ತಾರೆಂದು ತಿಳಿಯುವ ಆಸೆ ನನಗೆ ಯಾವಾಗಲೂ ಇದೆ.

"ಸಂತೆಯಲ್ಲಿ ಆರಿಸಲಿಲ್ಲ. ಸಂತೆಯಲ್ಲಿ ಎಲ್ಲ ಹಸುವೂ ಚೆನ್ನಾಗೇ ಕಾಣುತ್ತೆ. ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿರ್ತಾರೆ. ನಾನು ಮೂರು ದಿನ ಮುಂಚೆ ಅದರ ಕೊಟ್ಟಿಗೆಗೇ ಹೋಗಿದ್ದೆ. ಕತ್ತಲು ಹರಿಯೋ ಹೊತ್ತಿಗೆ. ಮಲಗಿದ್ದು ಹೇಗೆ ಏಳುತ್ತೆ, ಹಾಲು ಕರೆಯುವಾಗ ಕಾಲು ಎತ್ತುತ್ತಾ, ಮೆಲುಕು ಹಾಕೋ ಸದ್ದು ಒಂದೇ ಸಮ ಇದೆಯಾ, ಎಲ್ಲ ನೋಡಿಕೊಂಡು ಬಂದೆ."

"ಮತ್ತೆ ಸಂತೆಗೆ ಯಾಕೆ ಬಂದಿರಿ?"

"ರೇಟು ಮಾತಾಡೋಕೆ. ಅವನ ಮನೇಲಿ ಕೂತು ಕಾಪಿ ಕುಡಿದ್ರೆ ರೇಟು ಇಳಿಯುತ್ತಾ?" ಸ್ವಲ್ಪ ದೂರ ನಡೆದು ಆಕೆಯೇ ಕೇಳಿದಳು: "ನಿನ್ನ ಪೈಪು ಎಲ್ಲಿ ಕೇಳಿ ತಗೊಂಡೆ?"

"ಅಂಗಡಿಯಲ್ಲಿ."

"ಅಂಗಡಿ ರೋಡ್ ಮೇಲಿದೆಯಾ? ಬಸ್ಸು, ಲಾರಿ ಎಲ್ಲ ಓಡಾಡುತ್ತಾ?"

"ಹೌದು."

ಆಕೆ ಎಡಗೈಯಿಂದ ಹಸುವಿನ ಬೆನ್ನು ತಟ್ಟಿ ಮುಂದೆ ನಡೆಸಿದಳು. ನನ್ನ ಕಿವಿ ಕಾದು ಬಿಸಿಯಾಯಿತು. ಒಂಬತ್ತು ವರ್ಷಗಳಿಂದ ನಾನು ಬಟ್ಟೆಯನ್ನು ಕಾರ್ಖಾನೆಯ ಟ್ಯೂಬ್ ಲೈಟಿನಲ್ಲಿ ನೋಡಿ ತೀರ್ಮಾನಿಸಿದವಳಲ್ಲ. ಕಿಟಕಿಯ ಬಳಿ ಹಗಲ ಬೆಳಕಿಗೆ ಹಿಡಿದು, ಒಗೆದು, ಒಣಗಿಸಿ ನೋಡಿದ ಮೇಲೇ ಸಹಿ ಹಾಕುತ್ತೇನೆ. ಸೈಲೆನ್ಸರ್‌ನ ವಿಷಯದಲ್ಲಿ ಅದೊಂದನ್ನೂ ಮಾಡಿರಲಿಲ್ಲ. ನನ್ನ ಮನೆಯ ಮುಂದೆ, ನಾನು ಹೊರಡುವ ಹೊತ್ತಿನಲ್ಲಿ ಅದು ಹೇಗೆ ಕೇಳುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮನೆ ತಲುಪಿದಾಗ ಆಕೆಯ ಸೊಸೆ ಬಂದು ಹಗ್ಗ ತೆಗೆದುಕೊಂಡಳು. ಹಸು ಒಂದೇ ಉಸಿರಿಗೆ ಬಕೆಟ್ ನೀರು ಕುಡಿಯಿತು. ನನಗೆ ಮಜ್ಜಿಗೆ ಕೊಟ್ಟರು. ಕೈ ವಾಸಿಯಾಗುವವರೆಗೆ ಕ್ಲಿನಿಕ್ಕಿನ ಖರ್ಚು ನನ್ನದು ಎಂದೆ. "ಸರಿ," ಎಂದಳು. ನಾನು ಹಳ್ಳಿಯ ಬಸ್ಸು ಹಿಡಿದು ಪೊಳ್ಳಾಚಿಗೆ ಬಂದು, ಆಕ್ಸಿಲರೇಟರನ್ನು ಎಲ್ಲೂ ಥಟ್ಟನೆ ಬಿಡದೆ ಸೋಮನೂರಿನವರೆಗೆ ಗಾಡಿ ಓಡಿಸಿದೆ.

ಸಂಜೆ ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನನ್ ತಮ್ಮನ ಹತ್ರ ತೋರಿಸು ಕಣ್ಣು. ಮದುಕ್ಕರೈಲಿ ಶೆಡ್ ಹಾಕಿದ್ದಾನೆ. ರೊಂಬ ವರ್ಷ ರೇಸ್ ಗಾಡಿಗೆ ಇದೇ ವೇಲೆ ಮಾಡಿದವನು." ರೊಂಬ ಎಂದರೆ ಬಹಳ, ವೇಲೆ ಎಂದರೆ ಕೆಲಸ.

"ಮೊದಲೇ ಯಾಕೆ ಹೇಳಲಿಲ್ಲ ದೊಡ್ಡಮ್ಮ?"

"ನೀ ಕೇಳಿದೆಯಾ?"

ಮದುಕ್ಕರೈ ಪಾಲಕ್ಕಾಡಿನ ರಸ್ತೆಯಲ್ಲಿರುವ ಸಿಮೆಂಟು ಕಾರ್ಖಾನೆಯ ಊರು. ದೊಡ್ಡಮ್ಮನ ತಮ್ಮನ ಶೆಡ್ಡಿನ ತಗಡಿನ ಮೇಲೆ, ಎದುರಿನ ಬೇವಿನ ಎಲೆಗಳ ಮೇಲೆ ಬೂದು ಹುಡಿ ಕೂತಿತ್ತು. ಅಕ್ಕನನ್ನು ದೊಡ್ಡಮ್ಮ ಎನ್ನುವುದರಿಂದ ತಮ್ಮನನ್ನು ಮಾವ ಎಂದೆ. ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಇಪ್ಪತ್ತರ ವಯಸ್ಸಿನಲ್ಲಿ ಮಗ್ಗ ಬಿಟ್ಟು ಬೆಸುಗೆ ಕಲಿತು, ಚೆಟ್ಟಿಪಾಳ್ಯದ ಟ್ರ್ಯಾಕಿನಲ್ಲಿ ಓಡುವ ಗಾಡಿಗಳಿಗೆ ಸೈಲೆನ್ಸರ್ ಮಾಡಿಕೊಟ್ಟವರು. ಗಾಡಿ ಚಾಲೂ ಮಾಡಲು ಹೇಳಿ, ಒದ್ದೆ ಬಟ್ಟೆಯೊಂದನ್ನು ಸೈಲೆನ್ಸರ್‌ನ ಬಾಯಿಗೆ ಒತ್ತಿ ಹಿಡಿದರು. ಎಂಜಿನ್ನಿನ ಸದ್ದು ತಗ್ಗಿತು. ಆಗ ಕೆಳಗಿನಿಂದ, ಪೈಪಿಗೆ ಸೈಲೆನ್ಸರ್ ಸೇರುವ ಜಾಗದಿಂದ, ಸಣ್ಣಗೆ ಸುಸ್ ಎನ್ನುವ ಸದ್ದು ಬಂತು.

"ಕೇಳ್ತಾ? ಇಲ್ಲಿ ಹೊಲಿಗೆ ಬಿಟ್ಟಿದೆ," ಎಂದರು.

ನಾಚಿಕೆಯಾಯಿತು. ಬೆಸುಗೆಯನ್ನೆಲ್ಲ ಬೆರಳಿನಿಂದ ಸವರಿ ನೋಡಿದ್ದವಳು ಜೋಡಣೆಯ ಜಾಗವನ್ನು ಬಗ್ಗಿ ನೋಡಿರಲಿಲ್ಲ. ಹೊಸ ಸೈಲೆನ್ಸರ್‌ನ ಬಾಯಿ ಪೈಪಿಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು, ನಡುವೆ ವಾಷರೂ ಇರಲಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಹೊರಗಿನ ಗಾಳಿ ಆ ಸಂದಿಯಿಂದ ಒಳಗೆ ನುಗ್ಗಿ, ಉರಿಯದೆ ಉಳಿದ ಪೆಟ್ರೋಲು ಅಲ್ಲೇ ಹೊತ್ತಿ ಸಿಡಿಯುತ್ತಿತ್ತು.

"ಹಾಗಾದರೆ ಸಂದಿ ಮುಚ್ಚಿದರೆ ಸಾಕಾ ಮಾವ?"

"ಪಟಾಕಿ ನಿಲ್ಲುತ್ತೆ. ಸತ್ತ ನಿಲ್ಲಲ್ಲ. ನಿಂಗೆ ಏನ್ ಬೇಕು, ಅದ ಹೇಳು ಮೊದಲು."

ಅಂಗಡಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಯೋಚಿಸಿ ಮೂರು ಮಾತು ಹೇಳಿದೆ. ಮೂರನೇ ಗೇರಿನಲ್ಲಿ ಗಾಡಿ ತಡವರಿಸದೆ ಎಳೆಯಬೇಕು. ತೂಕ ಕಡಿಮೆ ಇರಬೇಕು. ನಾನು ಗಾಡಿ ಚಾಲೂ ಮಾಡಿದಾಗ ದೊಡ್ಡಮ್ಮನಿಗೆ ತಮ್ಮ ಮಗ್ಗ ಕೇಳಿಸಬೇಕು. ಮಾವ ಮೂರನ್ನೂ ಸೀಮೆಸುಣ್ಣದಲ್ಲಿ ತಗಡಿನ ಮೇಲೆ ತಮಿಳಿನಲ್ಲಿ ಬರೆದುಕೊಂಡರು.

"ಸೈಲೆನ್ಸರ್ ಬದಲಿಸಿದ ಮಾತ್ರಕ್ಕೆ ಕುದುರೆ ಆಗಲ್ಲ ಗಾಡಿ, ಅದನ್ನ ತಿಳಕೋ. ಶಕ್ತಿ ಸ್ವಲ್ಪ ಏರುತ್ತೆ. ತೂಕ ಇಳಿದದ್ದು ನಿಂಗೆ ಚೆನ್ನಾಗಿ ಗೊತ್ತಾಗುತ್ತೆ. ಸತ್ತ ಜಾಸ್ತಿ ಇದ್ರೆ ಜಾಸ್ತಿ ಓಡುತ್ತೆ ಅನ್ನೋದೆಲ್ಲ ಕಿವಿಯ ಮೋಸ."

ಹೊಗೆಯನ್ನು ಶುದ್ಧ ಮಾಡುವ ಭಾಗ ಎಂಜಿನ್ ಕಡೆಯ ಪೈಪಿನಲ್ಲಿತ್ತು. ಅದನ್ನು ಮುಟ್ಟುವಂತಿಲ್ಲ ಎಂದು ನಾನು ಹೇಳುವ ಮೊದಲೇ ಅವರೇ ಹೇಳಿದರು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಸ್ಟೇನ್‌ಲೆಸ್ ಸ್ಟೀಲಿನ ಹೊಸ ಜೊತೆ ಸಿದ್ಧವಾಗಿತ್ತು, ಹೊಳಪಿಲ್ಲದ ಬೂದು ಬಣ್ಣ. ಒಳಗೆ ಉದ್ದಕ್ಕೂ ತೂತುಗಳಿರುವ ಪೈಪು, ಅದರ ಸುತ್ತ ಸದ್ದು ಹೀರುವ ಗಾಜಿನ ಉಣ್ಣೆ. ಒಳಪೈಪುಗಳನ್ನು ಮಾವ ಮೂರು ಅಳತೆಯಲ್ಲಿ ಮಾಡಿದ್ದರು, ಕಳಚಿ ಬದಲಿಸುವಂತೆ. ಪರೀಕ್ಷೆಯ ವಿಧಾನವೂ ಅವರದೇ. ಹಿಂದಿನ ಸೀಟಿನಲ್ಲಿ ಕೂತು, ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಏರಿಸು ಎಂದು ಹೇಳಿ, ನನ್ನ ಕಿವಿಯ ಬಳಿ ಕನ್ನಡದಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಊರಾಚೆಯ ಖಾಲಿ ರಸ್ತೆ, ಕಣಿವೆಯಿಂದ ಎದುರಿಗೆ ಬೀಸುವ ಗಾಳಿ. ಕಿರಿದಾದ ಪೈಪಿಗೆ ಎಣಿಕೆ ಹತ್ತಕ್ಕೆ ಮುಗಿಯಿತು, ನಡುವಿನದಕ್ಕೆ ಒಂಬತ್ತಕ್ಕೆ, ಅಗಲದ್ದಕ್ಕೆ ಒಂಬತ್ತಕ್ಕೂ ಸ್ವಲ್ಪ ಮೊದಲೇ. ಆದರೆ ಅಗಲದ್ದು ಆರಂಭದಲ್ಲಿ ಒಮ್ಮೆ ಮುಗ್ಗರಿಸುತ್ತಿತ್ತು.

"ನಡುವಿನದು ಬೇಕು. ಆದರೆ ಮನೆ ಹತ್ರ ಕೇಳದೆ ತಗೊಳ್ಳಲ್ಲ," ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಮಾವ ಸಂತೆಗೆ ಒಯ್ಯುವ ಬಟ್ಟೆಯ ಚೀಲದಲ್ಲಿ ಮೂರು ಜೊತೆ ಪೈಪುಗಳನ್ನು ಹಾಕಿಕೊಂಡು ಮೊದಲ ಬಸ್ಸಿಗೇ ಬಂದರು. ದೊಡ್ಡಮ್ಮ ಶೆಡ್ಡಿನೊಳಗೆ ಒಂದೇ ಮಗ್ಗ ಓಡಿಸಿ ನಿಂತರು. ನಾನು ಹೊರಗೆ ಗಾಡಿ ಚಾಲೂ ಮಾಡಿದೆ. ನಡುವಿನ ಪೈಪಿಗೆ ದೊಡ್ಡಮ್ಮ ಬಾಗಿಲಿಗೆ ಬಂದು ತಲೆಯಾಡಿಸಿದರು. "ಲಾಳಿ ಕೇಳುತ್ತೆ. ಅದು ಎಡಕ್ಕೆ ಹೋಯ್ತಾ ಬಲಕ್ಕೆ ಹೋಯ್ತಾ ತಿಳೀತಿಲ್ಲ." ಕಿರಿದಾದದ್ದಕ್ಕೆ, "ಇದು ಪರವಾಯಿಲ್ಲೆ," ಎಂದರು.

"ಮುಗೀತಲ್ಲ, ಕಿರಿದಾದದ್ದು ಹಾಕು. ಒಂದು ಎಣಿಕೆ ತಾನೆ ಜಾಸ್ತಿ," ಎಂದರು ಮಾವ.

"ಬೇಡ ಮಾವ."

"ಯಾಕೆ?"

"ನಾನು ಮೂರು ಕೇಳಿದ್ದೆ. ಇದರಲ್ಲಿ ಎರಡೇ ಇವೆ, ಎಳೆತ ಸಾಲದು."

ಮಾವನ ಮುಖ ಗಂಟಿಕ್ಕಿತು. ನಲವತ್ತು ವರ್ಷದ ಕೆಲಸದಲ್ಲಿ ರೇಸಿನವರು ಕೂಡ ಹೀಗೆ ಹಟ ಹಿಡಿದಿಲ್ಲ ಎಂದು ಅಕ್ಕನಿಗೆ ತಮಿಳಿನಲ್ಲಿ ದೂರಿದರು. ದೊಡ್ಡಮ್ಮ ಅವರಿಗೆ ಇಡ್ಲಿ ಬಡಿಸುತ್ತ, "ಅವಳ ವೇಲೆಯೇ ಅದು," ಎಂದರು. ಮಾವ ನಾಲ್ಕು ಇಡ್ಲಿ ತಿಂದರು, ಕಾಪಿ ಕುಡಿದರು, ಎದ್ದು ಹೋಗಿ ಸೈಲೆನ್ಸರ್‌ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬಹಳ ಹೊತ್ತು ಕೂತಿದ್ದು, ಅದರ ತುದಿಯಿಂದಾಚೆಗೆ ಗಾಳಿಯಲ್ಲಿ ನಾಲ್ಕು ಬೆರಳು ಅಳೆದರು.

"ಉದ್ದ ಮಾಡಬೇಕು. ನೋಡೋಕೆ ಗಿಡ್ಡ ಚೆಂದ ಅಂತ ನಾನೇ ಗಿಡ್ಡ ಮಾಡಿದೆ. ನಾಲ್ಕು ಬೆರಳು ಉದ್ದ ಮಾಡಿ ಉಣ್ಣೆ ತುಂಬಿದ್ರೆ ನಡುವಿನ ಪೈಪೇ ಸಾಕು. ಚೆಂದ ಕಡಿಮೆ ಆಗುತ್ತೆ, ಪರವಾಯಿಲ್ಲೆಯಾ?"

"ಚೆಂದ ನಾನು ಕೇಳಿಯೇ ಇಲ್ಲ."

ಹತ್ತು ದಿನದ ನಂತರ ಉದ್ದನೆಯ ಜೊತೆ ಬಂತು. ಮಾವ ಅದಕ್ಕೆ ತಾಮ್ರದ ವಾಷರ್ ಹಾಕಿ, ಬಗ್ಗಿ, ಜೋಡಣೆಯನ್ನು ನನ್ನ ಕೈಯಿಂದಲೇ ಬಿಗಿ ಮಾಡಿಸಿದರು. ಕೊಯಮತ್ತೂರಿನ ಒಬ್ಬ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ ಪೆಟ್ರೋಲಿನ ಹದವನ್ನು ಹೊಸ ಸೈಲೆನ್ಸರ್‌ಗೆ ಸರಿಹೊಂದಿಸಿಕೊಟ್ಟ. ಮಾವನ ಎಣಿಕೆ ಒಂಬತ್ತಕ್ಕೇ ಮುಗಿಯಿತು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಒಂದು ನಿಟ್ಟುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಸೋಮನೂರಿನಲ್ಲಿ ದೊಡ್ಡಮ್ಮ ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ. ಕಾದು ಕಾದು ನಾನೇ ಒಳಗೆ ಹೋದೆ. ಎರಡನೆಯ ಮಗ್ಗಕ್ಕೆ ಕೈಯಿಟ್ಟಿದ್ದರು. "ಚಾಲೂ ಮಾಡು ಕಣ್ಣು, ಯಾಕೆ ನಿಂತಿದ್ದೀಯ?" ಎಂದರು. ಗಾಡಿ ಹೊರಗೆ ಆಗಲೇ ಐದು ನಿಮಿಷದಿಂದ ಓಡುತ್ತಿತ್ತು.

ಅಂಗಡಿಯ ಕಪ್ಪು ಜೊತೆಯನ್ನು ಯಾರಿಗಾದರೂ ಮಾರು ಎಂದು ಸಹೋದ್ಯೋಗಿ ಹೇಳಿದರು. ನಾನು ಫೇಲು ಮಾಡಿದ ಮಾಲನ್ನು ಇನ್ನೊಬ್ಬರಿಗೆ ದಾಟಿಸುವ ಅಭ್ಯಾಸ ನನಗಿಲ್ಲ. ಮಾವ ಅದನ್ನು ಕತ್ತರಿಸಿ ತಗಡನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು.

ಇದಾಗಿ ಎರಡು ತಿಂಗಳಿಗೆ ಪಾಲಕ್ಕಾಡಿನಿಂದ ವಾಪಸು ಬರುವಾಗ ಮದುಕ್ಕರೈಯ ಹತ್ತಿರ ಪೊಲೀಸರು ಸೈಲೆನ್ಸರ್ ಬದಲಿಸಿದ ಗಾಡಿಗಳನ್ನೆಲ್ಲ ನಿಲ್ಲಿಸುತ್ತಿದ್ದರು. ರಸ್ತೆಯ ಪಕ್ಕದಲ್ಲಿ ಹತ್ತಾರು ಗಾಡಿಗಳು, ತಲೆ ತಗ್ಗಿಸಿ ನಿಂತ ಸವಾರರು. ಸಬ್ ಇನ್ಸ್‌ಪೆಕ್ಟರ್ ನನ್ನ ಗಾಡಿಯನ್ನು ಒಂದು ಸುತ್ತು ಹಾಕಿ, "ಇದು ಕಂಪನಿಯದಲ್ಲವಲ್ಲ," ಎಂದರು.

"ಅಲ್ಲ ಸಾರ್. ಮಾಡಿಸಿದ್ದು. ಚಾಲೂ ಮಾಡ್ತೀನಿ, ನೀವೇ ಕೇಳಿ."

ಕೇಳಿದರು. ಇನ್ನೂ ಏರಿಸು ಎಂದರು, ಏರಿಸಿದೆ. ಪಕ್ಕದಲ್ಲಿದ್ದ ಪೇದೆಯನ್ನು ಕರೆದು ಅಳತೆಯ ಯಂತ್ರ ಹಿಡಿಸಿದರು. ಅಂಕಿ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಕಾನೂನು ಅಂದ್ರೆ ಕಂಪನಿಯದೇ ಇರಬೇಕಮ್ಮ. ಆದರೆ ಇವತ್ತು ನಾನು ಹಿಡೀತಿರೋದು ಸದ್ದು ಮಾಡೋರನ್ನ," ಎಂದು ಅವರು ದಾಖಲೆಗಳನ್ನು ವಾಪಸು ಕೊಟ್ಟರು. ಕೊಡುತ್ತಲೇ ಹಿಂದಕ್ಕೆ ಬಗ್ಗಿ ನೋಡಿ, "ಆದರೆ ಈ ನಂಬರ್ ಪ್ಲೇಟು ಏನಮ್ಮ, ಮದುವೆ ಕಾಗದದ ಹಾಗೆ ಬರೆಸಿದ್ದೀಯ?" ಎಂದರು.

ಹಳೆಯ ಮಾಲೀಕನ ಸುತ್ತುಬಳ್ಳಿ ಅಕ್ಷರಗಳು ಅವು. ನಾನು ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ. ಅದಕ್ಕೆ ದಂಡ ಹಾಕಿದರು, ವಾದ ಮಾಡದೆ ಕಟ್ಟಿದೆ. ರಸೀದಿ ಹರಿದು ಕೊಡುವಾಗ ಅವರು ದನಿ ತಗ್ಗಿಸಿ ಕೇಳಿದರು:

"ಇದನ್ನ ಎಲ್ಲಿ ಮಾಡಿಸಿದ್ದು? ನನ್ನ ತಮ್ಮ ಒಂದು ಗಾಡಿ ಇಟ್ಟುಕೊಂಡಿದ್ದಾನೆ. ಬೀದಿಯವರು ಅವನಿಗೆ ಹೇಳೋಕೆ ಹೆದರಿ ನನಗೆ ಬೈತಾರೆ."

ಮಾವನ ಶೆಡ್ಡು ಅಲ್ಲಿಂದ ಒಂದೂವರೆ ಕಿಲೋಮೀಟರು. ದಾರಿ ಹೇಳಿದೆ. ಹೋಗುವ ಮೊದಲು ಏನೇನು ಬೇಕೆಂದು ಸರಿಯಾಗಿ ಯೋಚಿಸಿಕೊಂಡು ಹೋಗಲು ಹೇಳಿ, ಮಾವ ಮೊದಲು ಅದನ್ನೇ ಕೇಳುತ್ತಾರೆ ಎಂದೆ.